ನಿವೃತ್ತಿಯ ಹಣ, ಬಾಡಿಗೆಯ ಮನೆ



ಮೂವತ್ತು ವರ್ಷಗಳಿಗೂ ಮಿಗಿಲಾಗಿ ಹಳಗನ್ನಡ ಕಾವ್ಯವನ್ನು ಪಾಠ ಹೇಳಿದವನೊಬ್ಬನ ಬಳಿ ಬಂದು, ‘ಬಾಡಿಗೆಗೆ ಕೊಡಲು ಮನೆ ಕೊಳ್ಳುವವರಿಗೆ ನಾಲ್ಕು ಹಿತದ ಮಾತು ಹೇಳಿ’ ಎಂದು ಬಾನುಲಿಯ ಮಿತ್ರರು ಕೇಳಿದಾಗ, ಅವರು ವಿಳಾಸ ತಪ್ಪಿರಬೇಕೆಂದುಕೊಂಡೆ. ಹಾಗೆಂದು ಹೇಳಿಯೂ ಹೇಳಿದೆ. ‘ಇಲ್ಲ ಸಾರ್, ನೀವು ಈ ವಿಷಯದಲ್ಲಿ ಪೆಟ್ಟು ತಿಂದಿದ್ದೀರೆಂದು ಕೇಳಿದೆವು, ಅದಕ್ಕೇ ಬಂದೆವು’ ಎಂದರು. ಪೆಟ್ಟು ತಿಂದದ್ದೇ ಅರ್ಹತೆಯಾಗುವುದಾದರೆ ನಾನು ಧಾರಾಳವಾಗಿ ಮಾತನಾಡಬಲ್ಲೆ.

ನಾನು ಬೆಳೆದದ್ದು ಮೈಸೂರಿನ ಅಗ್ರಹಾರದ ಒಂದು ವಠಾರದಲ್ಲಿ. ಆರು ಮನೆ, ಒಂದು ನಲ್ಲಿ, ಒಂದು ಅಂಗಳ. ಮನೆಯೊಂದಕ್ಕೆ ತಿಂಗಳಿಗೆ 18 ರೂಪಾಯಿ ಬಾಡಿಗೆ. ವಠಾರದ ಯಜಮಾನಿ ವಯಸ್ಸಾದ ವಿಧವೆ. ಆಕೆಗೆ ಮಕ್ಕಳ ಆಸರೆಯಿರಲಿಲ್ಲ. ಬ್ಯಾಂಕಿನ ಬಾಗಿಲನ್ನು ಆಕೆ ಕಂಡವರೂ ಅಲ್ಲ. ತಿಂಗಳ ಐದನೆಯ ತಾರೀಖು ಸಂಜೆ ಆರೂ ಮನೆಯ ಹೊಸ್ತಿಲ ಬಳಿ ನಿಂತು ಹಣ ಪಡೆದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಆ ಗಂಟಿನಲ್ಲಿ ಆಕೆ ತಿಂಗಳಿಡೀ ಯಾರ ಮುಂದೆಯೂ ಕೈಯೊಡ್ಡದೆ ಬದುಕಿದರು. ‘ಮುಪ್ಪಿನಲ್ಲಿ ಬಾಡಿಗೆ ಬರುವ ಒಂದು ಮನೆಯಿದ್ದರೆ ಮಗನಿಗಿಂತ ಮಿಗಿಲು’ ಎಂಬ ಮಾತನ್ನು ನಮ್ಮ ತಂದೆ ಆಕೆಯನ್ನು ನೋಡಿಯೇ ಆಡುತ್ತಿದ್ದರು. ಗುಮಾಸ್ತೆಯಾಗಿದ್ದ ಅವರಿಗೆ ಸ್ವಂತ ಮನೆಯ ಯೋಗ ಕೊನೆಯವರೆಗೂ ಕೂಡಿಬರಲಿಲ್ಲ. ಅವರ ಆ ಮಾತು ಮಾತ್ರ ನನ್ನೊಳಗೆ ಹಾಗೆಯೇ ಉಳಿದುಬಂದಿತ್ತು.

2018ರಲ್ಲಿ ನಿವೃತ್ತನಾದೆ. ನಮ್ಮ ಮನೆಯಾಕೆ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯಾಗಿದ್ದವರು. ಅವರೂ ಅದೇ ಸುಮಾರಿಗೆ ನಿವೃತ್ತರಾದರು. ಇಬ್ಬರಿಗೂ ಬಂದ ಇಡುಗಂಟು ಸೇರಿ 46 ಲಕ್ಷ ರೂಪಾಯಿ. ಜೀವಮಾನದಲ್ಲಿ ಅಷ್ಟು ಹಣವನ್ನು ಒಟ್ಟಿಗೆ ನೋಡಿದವರು ನಾವಲ್ಲ. ಪಿಂಚಣಿ ಬರುತ್ತದೆ, ವಾಸಕ್ಕೆ ಮನೆಯಿದೆ, ಮಗಳು ಮಗ ಇಬ್ಬರೂ ತಮ್ಮ ಕಾಲ ಮೇಲೆ ನಿಂತಿದ್ದಾರೆ. ಹಣ ಬಂದ ಸುದ್ದಿ ಅದು ಹೇಗೆ ಹರಡುತ್ತದೆಯೋ ಕಾಣೆ; ತಿಂಗಳು ತುಂಬುವುದರೊಳಗೆ ಬ್ರೋಕರೊಬ್ಬರು ಮನೆಗೆ ಬಂದು ಕಾಫಿ ಕುಡಿದರು.

ಅವರು ತೋರಿಸಿದ್ದು ಊರ ಹೊರಗಿನ ಹೊಸ ಬಡಾವಣೆಯ ಒಂದು ಸೈಟು. 30 ಅಡಿಗೆ 40 ಅಡಿ, 9 ಲಕ್ಷ. ಸುಣ್ಣ ಬಳಿದ ಕಲ್ಲುಗಳನ್ನು ಸಾಲಾಗಿ ನೆಟ್ಟಿದ್ದರು, ಕಮಾನೂ ಎದ್ದಿತ್ತು. ‘ಐದು ವರ್ಷದಲ್ಲಿ ಮೂರುಪಟ್ಟು ಸಾರ್’ ಎಂದರು. ಮರುದಿನವೇ 200 ರೂಪಾಯಿಯ ಛಾಪಾ ಕಾಗದದ ಮೇಲೆ ಒಪ್ಪಂದ ಬರೆದು 2 ಲಕ್ಷ ಮುಂಗಡ ಕೊಟ್ಟೆ. ಒಪ್ಪಂದವನ್ನು ನೋಂದಾಯಿಸಲಿಲ್ಲ. ಬ್ಯಾಂಕಿನಲ್ಲಿ ಸಾಲ ಸಿಗುವುದೇ ಎಂದು ಕೇಳಿದ್ದಕ್ಕೆ, ‘ನಿಮ್ಮ ಕೈಯಲ್ಲಿ ಹಣವಿರುವಾಗ ಸಾಲವೇಕೆ?’ ಎಂದರು. ಅದು ನನ್ನ ಸಿರಿಯ ಮೇಲಿನ ಪ್ರಶಂಸೆಯೆಂದು ತಿಳಿದೆ. ನಿಜಸಂಗತಿಯೇನೆಂದರೆ ಆ ಜಮೀನಿಗೆ ಯಾವ ಬ್ಯಾಂಕೂ ಸಾಲ ಕೊಡುವಂತಿರಲಿಲ್ಲ. ಹೊಲವನ್ನು ಭೂಪರಿವರ್ತನೆ ಮಾಡಿಸದೆ, ಯೋಜನಾ ಪ್ರಾಧಿಕಾರದಿಂದ ಬಡಾವಣೆಯ ನಕ್ಷೆಗೆ ಒಪ್ಪಿಗೆ ಪಡೆಯದೆ, ಗುಂಟೆ ಲೆಕ್ಕದಲ್ಲಿ ಕತ್ತರಿಸಿ ಮಾರುವುದಕ್ಕೆ ಜನ ರೆವಿನ್ಯೂ ಸೈಟು ಎನ್ನುತ್ತಾರೆ. ಇಂಥವನ್ನು ಮಾರುವವರು ‘ಮುಂದೆ ಅಕ್ರಮ ಸಕ್ರಮದಲ್ಲಿ ಸರಿಹೋಗುತ್ತದೆ’ ಎಂದು ಸಮಾಧಾನ ಹೇಳುವುದುಂಟು. ನಗರದ ಕಟ್ಟಡಗಳ ಆ ಯೋಜನೆಗೆ ಸುಪ್ರೀಂ ಕೋರ್ಟು 2017ರ ಜನವರಿಯಲ್ಲೇ ತಡೆಯಾಜ್ಞೆ ಕೊಟ್ಟಿತ್ತು. ನಾನು ಪತ್ರಿಕೆಯಲ್ಲಿ ಸಾಹಿತ್ಯದ ಪುಟವನ್ನಷ್ಟೇ ಓದುವವನು.

ಇದಾದ ವಾರದ ಮೇಲೆ ಒಂದು ರಾತ್ರಿ, ಬ್ರೋಕರು ಕೊಟ್ಟಿದ್ದ ಕಾಗದಗಳ ನಕಲನ್ನು ಮನೆಯಾಕೆ ಕನ್ನಡಕ ಹಾಕಿಕೊಂಡು ತಿರುವಿಹಾಕುತ್ತಿದ್ದರು. ಅದರಲ್ಲಿ ಮಾರುವವರ ವಂಶವೃಕ್ಷವಿತ್ತು. ಅಜ್ಜನಿಗೆ ಮೂವರು ಗಂಡುಮಕ್ಕಳು, ಆ ಮೂವರಿಗೆ ಏಳು ಗಂಡುಮಕ್ಕಳು. ‘ಇದೇನೂಂದ್ರೆ, ಮೂರು ತಲೆಮಾರಿನಲ್ಲಿ ಈ ಮನೆಯಲ್ಲಿ ಒಂದು ಹೆಣ್ಣುಮಗುವೂ ಹುಟ್ಟಲಿಲ್ಲವೇ?’ ಎಂದು ಕೇಳಿದರು. ನಾನು ನಕ್ಕೆ. ಅವರು ನಗಲಿಲ್ಲ. ಮೂವತ್ತು ವರ್ಷ ಹಾಜರಿ ಪುಸ್ತಕ ಹಿಡಿದು ಹೆಸರು ಕೂಗಿದವರು; ಬಿಟ್ಟುಹೋದ ಹೆಸರು ಅವರ ಕಣ್ಣಿಗೆ ಬೇಗ ಬೀಳುತ್ತದೆ.

ಮರುದಿನ ಬಸ್ಸು ಹತ್ತಿ ಆ ಹಳ್ಳಿಗೆ ಹೋದೆ. ಚಹದಂಗಡಿಯಲ್ಲಿ ಕುಳಿತು ವಿಚಾರಿಸಿದರೆ ಅರ್ಧ ಗಂಟೆಯಲ್ಲಿ ವಿಷಯ ಹೊರಬಿತ್ತು. ಏಳು ಮಂದಿಗೆ ಒಬ್ಬ ಅಕ್ಕ, ಇಬ್ಬರು ತಂಗಿಯರು. ಹಿರಿಯಾಕೆಯನ್ನು ನಂಜನಗೂಡಿನ ಆಚೆಯ ಹಳ್ಳಿಗೆ ಕೊಟ್ಟಿದ್ದಾರೆ. ಅಲ್ಲಿಗೂ ಹೋದೆ. ಆಕೆ ಜಗುಲಿಯ ಮೇಲೆ ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ನಾನು ಹೇಳಿದ್ದನ್ನೆಲ್ಲ ಕೇಳಿ, ‘ನಮ್ಮಪ್ಪನ ಹೊಲ ಮಾರ್ತಾ ಅವ್ರಾ, ಮೇಷ್ಟ್ರೇ?’ ಎಂದರು. ಆ ಪ್ರಶ್ನೆಗೆ ಉತ್ತರ ಕೊಡಲು ನನಗೆ ನಾಚಿಕೆಯಾಯಿತು. ಆ ಮಾರಾಟದಲ್ಲಿ ಕೊಳ್ಳುವವನು ನಾನೇ ಅಲ್ಲವೇ?

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕನ್ನು ಕರ್ನಾಟಕವು 1994ರಲ್ಲಿ, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ, ತಿದ್ದುಪಡಿಯ ಮೂಲಕ ಕೊಟ್ಟಿತ್ತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಯೇ ದೇಶಕ್ಕೆಲ್ಲ ತಿದ್ದುಪಡಿಯಾಯಿತು. ಆ ವರ್ಷ ತಂದೆ ಬದುಕಿದ್ದರೂ ಇಲ್ಲದಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಅಂದಮೇಲೆ ಮನೆಯ ಹೆಣ್ಣುಮಕ್ಕಳ ಸಹಿಯಿಲ್ಲದೆ ಕೊಂಡ ನೆಲವು ಇಂದಲ್ಲ ನಾಳೆ ನ್ಯಾಯಾಲಯದ ಕಟ್ಟೆ ಹತ್ತುತ್ತದೆ. ಹತ್ತುವುದು ನ್ಯಾಯವೂ ಹೌದು. ನಾನು ಒಪ್ಪಂದದಿಂದ ಹಿಂದೆ ಸರಿದೆ. ಮುಂಗಡದಲ್ಲಿ 1 ಲಕ್ಷ 60 ಸಾವಿರ ಹದಿನಾಲ್ಕು ತಿಂಗಳಲ್ಲಿ ಕಂತುಕಂತಾಗಿ ಬಂತು. ಉಳಿದ 40 ಸಾವಿರವನ್ನು ಗುರುದಕ್ಷಿಣೆ ಎಂದು ಬರೆದುಕೊಂಡಿದ್ದೇನೆ.

ಇದರಿಂದ ನನಗಾದ ಅವಮಾನ ಹಣದ್ದಲ್ಲ. ನಾನು ಗ್ರಂಥಸಂಪಾದನೆಯನ್ನು ಪಾಠ ಮಾಡಿದವನು. ಓಲೆಗರಿಯ ಒಂದು ಪ್ರತಿ ಸಿಕ್ಕರೆ ಇದರ ಮಾತೃಕೆ ಯಾವುದು, ನಡುವೆ ಎಷ್ಟು ಕೈ ದಾಟಿ ಬಂದಿದೆ, ಎಲ್ಲಿ ಗರಿ ಕಳೆದಿದೆ, ಎಲ್ಲಿ ಲಿಪಿಕಾರ ಬೇಕೆಂದೇ ಬಿಟ್ಟಿದ್ದಾನೆ ಎಂದು ನೋಡದೆ ಒಂದು ಪದ್ಯವನ್ನೂ ಒಪ್ಪಬಾರದೆಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಜಮೀನಿನ ಕಾಗದಕ್ಕೂ ಇದೇ ವಿದ್ಯೆ ಸಾಕು. ಅಲ್ಲಿಯೂ ಒಂದು ತಾಯಿಪತ್ರವಿರುತ್ತದೆ. ವಕೀಲರು ಮದರ್ ಡೀಡ್ ಎನ್ನುವುದು ಅದನ್ನೇ. ಆ ಮೂಲದಿಂದ ಇಂದು ಮಾರುವವನವರೆಗೆ ಕ್ರಯ, ದಾನ, ವಿಭಾಗ, ಉಯಿಲು ಎಂದು ಕೊಂಡಿಗೆ ಕೊಂಡಿ ಕೂಡಿಬರಬೇಕು. ಒಂದು ಕೊಂಡಿ ಕಾಣದಿದ್ದರೆ ಅಲ್ಲಿ ಗರಿ ಕಳೆದಿದೆಯೆಂದೇ ಅರ್ಥ. ಹಳೆಯ ಕ್ರಯಪತ್ರಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳನ್ನು ಎಣಿಸಿರುವುದನ್ನು ನೀವು ನೋಡಿರಬಹುದು. ಶಾಸನಗಳ ಕಾಲದಿಂದ ನಡೆದುಬಂದ ಮಾತುಗಳವು. ಶಾಸನದಲ್ಲಿ ಅವನ್ನು ಓದಿ ಪುಳಕಗೊಳ್ಳುತ್ತಿದ್ದವನು ನನ್ನದೇ ಒಪ್ಪಂದವನ್ನು ಓದದೆ ಸಹಿ ಹಾಕಿದೆ.

ಚಕ್ಕುಬಂದಿಯನ್ನಾದರೂ ನೋಡಬಾರದಿತ್ತೇ? ಆ ಸೈಟಿನ ಪೂರ್ವಕ್ಕೆ 30 ಅಡಿ ರಸ್ತೆ ಎಂದು ಬರೆದಿತ್ತು. ಆಮೇಲೆ ಹೋಗಿ ನೋಡಿದರೆ ಪೂರ್ವಕ್ಕೆ ಬೇರೊಬ್ಬರ ಹುರುಳಿ ಹೊಲ. ಕಾಗದ ಹಿಡಿದು ನೆಲದ ಮೇಲೆ ನಿಂತು ನಾಲ್ಕು ದಿಕ್ಕಿಗೂ ತಿರುಗಿ ಓದುವುದಕ್ಕೆ ವಕೀಲಿ ಕಲಿತಿರಬೇಕಾಗಿಲ್ಲ.

ಇನ್ನು ಋಣಭಾರ ಪ್ರಮಾಣಪತ್ರ; ಜನ ಇ.ಸಿ. ಎನ್ನುವುದು ಇದನ್ನು. ಮೂವತ್ತು ವರ್ಷದ್ದನ್ನು ತೆಗೆಸಬೇಕು. 2004ರ ಏಪ್ರಿಲಿನಿಂದ ಈಚಿನದು ಗಣಕಯಂತ್ರದಲ್ಲಿ ಸಿಗುತ್ತದೆ. ನೋಂದಣಿ ಇಲಾಖೆಯ ಕಾವೇರಿ ತಾಣದ ಮೂಲಕ ಮನೆಯಲ್ಲೇ ಪಡೆಯಬಹುದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಹಳೆಯ ಪುಸ್ತಕಗಳನ್ನು ಹುಡುಕಿಸಬೇಕು. ಈ ಪತ್ರ ಶುದ್ಧವಾಗಿದ್ದರೆ ಎಲ್ಲವೂ ಶುದ್ಧವೆಂದು ಭಾವಿಸುವುದು ತಪ್ಪು. ನೋಂದಣಿಯಾದ ವ್ಯವಹಾರಗಳಷ್ಟೇ ಅದರಲ್ಲಿ ಕಾಣುತ್ತವೆ. ಬಾಯಿಮಾತಿನ ವಿಭಾಗ, ನೋಂದಣಿಯಾಗದ ಉಯಿಲು, ನ್ಯಾಯಾಲಯದಲ್ಲಿರುವ ದಾವೆ, ಯಾರಲ್ಲೋ ಮೂಲಪತ್ರವನ್ನು ಅಡವಿಟ್ಟು ತಂದ ಕೈಸಾಲ ಇವು ಅಲ್ಲಿ ಕಾಣದೆ ಹೋಗಬಹುದು. ಆದ್ದರಿಂದ ಜೆರಾಕ್ಸು ಪ್ರತಿ ನೋಡಿ ತೃಪ್ತರಾಗಬೇಡಿ. ಮೂಲಪತ್ರಗಳನ್ನು ಕೈಯಲ್ಲಿ ಹಿಡಿದು ನೋಡಿ. ಹಾಗೆಯೇ ಖಾತೆ. ಖಾತೆಯಿದ್ದರೆ ಮಾಲೀಕತ್ವ ಬಂತೆಂದು ತಿಳಿದವರು ಬಹಳ. ಖಾತೆ ಎಂಬುದು ತೆರಿಗೆ ಯಾರಿಂದ ಪಡೆಯಬೇಕೆಂದು ಸ್ಥಳೀಯ ಸಂಸ್ಥೆ ಬರೆದಿಟ್ಟುಕೊಂಡ ಲೆಕ್ಕ. ಹಕ್ಕನ್ನು ಕೊಡುವುದು ಕ್ರಯಪತ್ರ. ಆದರೂ ಖಾತೆಯಿಲ್ಲದೆ ಕೆಲಸ ನಡೆಯದು. 2024ರ ಕೊನೆಯ ತಿಂಗಳುಗಳಿಂದ ಇ-ಖಾತೆಯಿಲ್ಲದೆ ನೋಂದಣಿಯೇ ಆಗುವುದಿಲ್ಲ. ಊರ ಹೊರಗಿನ ಜಮೀನಾದರೆ ಮತ್ತೊಂದನ್ನು ಕೇಳಬೇಕು: ಇದು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಭೂಮಿಯೇ? ಹೌದಾದರೆ 1978ರ ಕಾಯಿದೆಯಂತೆ ಸರಕಾರದ ಪೂರ್ವಾನುಮತಿಯಿಲ್ಲದ ಮಾರಾಟ ಊರ್ಜಿತವಲ್ಲ. 2023ರ ತಿದ್ದುಪಡಿಯಾದ ಮೇಲಂತೂ ಭೂಮಿಯನ್ನು ಮರಳಿ ಕೇಳಲು ಕಾಲದ ಮಿತಿಯೂ ಇಲ್ಲ. ಬಡವರ ಕೈಯಿಂದ ಭೂಮಿ ಜಾರಿಹೋಗದಿರಲೆಂದು ಮಾಡಿದ ಕಾನೂನು. ಕೊಳ್ಳುವವನು ಮೊದಲೇ ವಿಚಾರಿಸಿಕೊಳ್ಳಬೇಕಾದದ್ದು ಧರ್ಮ.

ಇಷ್ಟಾದ ಮೇಲೂ ನನ್ನ ತಂದೆಯ ಮಾತು ನನ್ನನ್ನು ಬಿಡಲಿಲ್ಲ. 2019ರ ಕೊನೆಗೆ ಊರೊಳಗಿನ ಹಳೆಯ ಬಡಾವಣೆಯೊಂದರಲ್ಲಿ, 20 ಅಡಿಗೆ 30 ಅಡಿ ನಿವೇಶನದಲ್ಲಿರುವ ಚಿಕ್ಕ ಮನೆಯನ್ನು ಕೊಂಡೆ. ಈ ಬಾರಿ ಕಾಗದಗಳನ್ನು ನಾನೂ ಓದಿದೆ, ವಕೀಲರಿಂದಲೂ ಓದಿಸಿದೆ, ಮನೆಯಾಕೆಯಿಂದಲೂ ಓದಿಸಿದೆ. ಬ್ಯಾಂಕಿನಲ್ಲಿ ಸಾಲಕ್ಕೂ ಅರ್ಜಿ ಹಾಕಿದೆ. ಕೈಯಲ್ಲಿ ಹಣವಿದ್ದವರೂ ಒಂದಿಷ್ಟು ಸಾಲಕ್ಕೆ ಅರ್ಜಿ ಹಾಕುವುದು ಒಳ್ಳೆಯದೆಂದು ನಾನು ಹೇಳುತ್ತೇನೆ. ಬ್ಯಾಂಕು ತನ್ನ ವಕೀಲರಿಂದ ಪತ್ರಗಳನ್ನು ಪರಿಶೀಲಿಸುತ್ತದೆ, ತನ್ನ ಎಂಜಿನಿಯರಿನಿಂದ ಬೆಲೆ ಕಟ್ಟಿಸುತ್ತದೆ. ಬ್ಯಾಂಕು ಬೇಡವೆಂದ ಮನೆಯನ್ನು ನೀವು ಬೇಕೆನ್ನಬಾರದು. ಆದರೆ ಬ್ಯಾಂಕಿನ ವಕೀಲ ಬ್ಯಾಂಕಿನ ಹಣಕ್ಕಾಗಿ ಓದುತ್ತಾನೆ. ನಿಮ್ಮ ಹಣಕ್ಕಾಗಿ ಓದಲು ನಿಮ್ಮ ವಕೀಲ ಬೇರೆಯೇ ಬೇಕು.

ಕಾಗದದಲ್ಲಿ ತಪ್ಪಲಿಲ್ಲ. ತಪ್ಪಿದ್ದು ಲೆಕ್ಕದಲ್ಲಿ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮನೆಯ ಬೆಲೆ 38 ಲಕ್ಷ. ಮುದ್ರಾಂಕ, ನೋಂದಣಿ ಎಲ್ಲ ಸೇರಿ ಆಗ ಶೇಕಡಾ 6.6ರಂತೆ ಎರಡೂವರೆ ಲಕ್ಷ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವನ್ನು ಒಂದರಿಂದ ಎರಡಕ್ಕೆ ಏರಿಸಿದ್ದಾರೆ. ಆದ್ದರಿಂದ ನಗರದಲ್ಲಿ ಅದು 7.6 ಆಗಿದೆ, 50 ಲಕ್ಷದ ಮನೆಗೆ 3 ಲಕ್ಷ 80 ಸಾವಿರ. ಈ ಬಾಬನ್ನು ಬ್ಯಾಂಕು ಸಾಮಾನ್ಯವಾಗಿ ಸಾಲದಲ್ಲಿ ಸೇರಿಸಿಕೊಳ್ಳುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲ ಮನೆಯ ಬೆಲೆಯ ಶೇಕಡಾ 90ನ್ನು, 75 ಲಕ್ಷದವರೆಗಿನದು 80ನ್ನು, ಅದಕ್ಕೂ ಮೇಲಿನದು 75ನ್ನು ಮೀರುವಂತಿಲ್ಲ. ಉಳಿದ ಬೆಲೆಯೂ ನೋಂದಣಿಯ ಖರ್ಚೂ ನಿಮ್ಮ ಗಂಟಿನಿಂದಲೇ ಬರಬೇಕು. ಎಷ್ಟೋ ಯುವಕರು ಮುಂಗಡ ಕೊಟ್ಟ ಮೇಲೆ ಇದನ್ನು ತಿಳಿದು, ಹೆಂಡತಿಯ ಒಡವೆಯ ಕಡೆ ನೋಡುವುದನ್ನು ಕಂಡಿದ್ದೇನೆ.

ನನ್ನ ಲೆಕ್ಕಕ್ಕೆ ಬರೋಣ. ಬ್ರೋಕರಿಗೆ ಶೇಕಡಾ ಒಂದರಂತೆ 38 ಸಾವಿರ. ಬಚ್ಚಲು, ವಿದ್ಯುತ್ ತಂತಿ, ಸೋರುವ ತಾರಸಿ ಇವುಗಳ ರಿಪೇರಿಗೆ 1 ಲಕ್ಷ 70 ಸಾವಿರ. ಒಟ್ಟು ನಲವತ್ತೆರಡೂವರೆ ಲಕ್ಷ ದಾಟಿತು. ಬಂದ ಬಾಡಿಗೆ ತಿಂಗಳಿಗೆ 9,500. ವರ್ಷಕ್ಕೆ 1 ಲಕ್ಷ 14 ಸಾವಿರ. ಮೊದಲ ವರ್ಷ ಒಂದು ತಿಂಗಳು ಮನೆ ಖಾಲಿಯಿತ್ತು. ಕಂದಾಯ 4 ಸಾವಿರ, ಸಣ್ಣಪುಟ್ಟ ರಿಪೇರಿ 10 ಸಾವಿರ. ಕೈಗೆ ಉಳಿದದ್ದು 90,500. ಅಂದರೆ ಹಾಕಿದ ನೂರು ರೂಪಾಯಿಗೆ ವರ್ಷಕ್ಕೆ ಎರಡು ರೂಪಾಯಿ ಹನ್ನೆರಡು ಪೈಸೆ. ಅದೇ ಹೊತ್ತಿಗೆ ಮನೆಯಾಕೆ ತಮ್ಮ ಪಾಲಿನ 15 ಲಕ್ಷವನ್ನು, ನಾನು ಎಷ್ಟು ಹೇಳಿದರೂ ಕೇಳದೆ, ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟರು. ಆಗ ಅದರ ಬಡ್ಡಿ ಶೇಕಡಾ 8.6. ಮೂರು ತಿಂಗಳಿಗೊಮ್ಮೆ 32,250 ರೂಪಾಯಿ ಅವರ ಪುಸ್ತಕಕ್ಕೆ ಬಂದು ಬೀಳುತ್ತಿತ್ತು. ನಲವತ್ತೆರಡೂವರೆ ಲಕ್ಷದ ನನ್ನ ಮನೆ ವರ್ಷಕ್ಕೆ ತೊಂಬತ್ತು ಸಾವಿರ ಕೊಟ್ಟರೆ ಅವರ ಹದಿನೈದು ಲಕ್ಷ ಒಂದು ಲಕ್ಷ ಇಪ್ಪತ್ತೊಂಬತ್ತು ಸಾವಿರ ಕೊಡುತ್ತಿತ್ತು. ಅವರು ಇದನ್ನು ಬಾಯಿಬಿಟ್ಟು ಒಮ್ಮೆಯೂ ಹೇಳಿದವರಲ್ಲ. ಪಾಸ್‌ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು ಒಳಗೆ ಹೋಗುತ್ತಿದ್ದರು. 2023ರ ಏಪ್ರಿಲಿನಿಂದ ಆ ಯೋಜನೆಯಲ್ಲಿ ಒಬ್ಬರು 30 ಲಕ್ಷದವರೆಗೆ ಇಡಬಹುದಾಗಿದೆ.

‘ಬಾಡಿಗೆ ಹೋಗಲಿ ಸಾರ್, ನೆಲದ ಬೆಲೆ ಏರಿಲ್ಲವೇ?’ ಎನ್ನುವಿರಿ. ಏರಿದೆ. ಆದರೆ ಏರಿದ ಬೆಲೆಯಲ್ಲಿ ಔಷಧಿ ಕೊಳ್ಳಲಾಗುವುದಿಲ್ಲ. ಅದನ್ನು ಕೈಗೆ ತರಬೇಕಾದರೆ ಇಡೀ ಮನೆಯನ್ನೇ ಮಾರಬೇಕು. ಬಂದ ಲಾಭಕ್ಕೆ ತೆರಿಗೆ ಕೊಡಬೇಕು. ಅಡುಗೆಮನೆಯೊಂದನ್ನೇ ಬಿಡಿಯಾಗಿ ಮಾರಿ ಆಸ್ಪತ್ರೆಯ ಬಿಲ್ಲು ಕಟ್ಟುವಂತಿಲ್ಲ.

ಸಾಲದ ಮಾತು. ಕೈಯಲ್ಲಿದ್ದದ್ದು ಸಾಲದೆ 12 ಲಕ್ಷ ಸಾಲ ಮಾಡಿದೆ. ಬಡ್ಡಿ ಎಂಟೂವರೆ, ಅವಧಿ 10 ವರ್ಷ. ಅರವತ್ತು ದಾಟಿದವನಿಗೆ ಅದಕ್ಕಿಂತ ದೀರ್ಘ ಅವಧಿಯನ್ನು ಅವರು ಕೊಡಲಿಲ್ಲ. ತಿಂಗಳ ಕಂತು 14,878. ‘ಬಾಡಿಗೆಯಿಂದಲೇ ಕಂತು ತೀರುತ್ತದೆ’ ಎಂದು ಎಲ್ಲರೂ ಹೇಳುವುದನ್ನು ನಾನೂ ನಂಬಿದ್ದೆ. 9,500 ಬಂದು 14,878 ಹೋದರೆ ಉಳಿದ 5 ಸಾವಿರ ಚಿಲ್ಲರೆಯನ್ನು ಪಿಂಚಣಿ ತುಂಬಬೇಕು. ಮೊದಲ ವರ್ಷ ಕಟ್ಟಿದ ಬಡ್ಡಿಯೇ ಒಂದು ಲಕ್ಷದ ಸಮೀಪ. ಮನೆಯ ನಿವ್ವಳ ಆದಾಯಕ್ಕಿಂತ ಅದೇ ಹೆಚ್ಚು. ಎಂಟೂವರೆಗೆ ತಂದು ಎರಡಕ್ಕೆ ಕೊಡುವ ಈ ವ್ಯಾಪಾರವನ್ನು ಸಂತೆಯ ಸೊಪ್ಪಿನವಳೂ ಮಾಡಲಾರಳು.

ಮೂವತ್ತರ ಹರೆಯದವರ ಲೆಕ್ಕ ಬೇರೆ. ಅವರ ಸಂಬಳ ವರ್ಷ ವರ್ಷ ಏರುತ್ತದೆ, ಕಂತು ಹೆಚ್ಚುಕಡಿಮೆ ನಿಂತಲ್ಲೇ ಇರುತ್ತದೆ. ಆದರೆ ಅವರೂ ಒಂದು ಸಂಗತಿಯನ್ನು ಮೊದಲೇ ನೋಡಿಕೊಳ್ಳಬೇಕು. 30 ಲಕ್ಷವನ್ನು ಎಂಟೂವರೆ ಬಡ್ಡಿಗೆ 20 ವರ್ಷಕ್ಕೆ ಪಡೆದರೆ ಕಂತು 26,035. ಮೊದಲ ಕಂತಿನಲ್ಲಿ 21,250 ಬಡ್ಡಿಗೇ ಹೋಗಿ, ಅಸಲಿಗೆ ಸೇರುವುದು 4,785. ಇಪ್ಪತ್ತು ವರ್ಷದಲ್ಲಿ ಕಟ್ಟುವ ಒಟ್ಟು ಮೊತ್ತ ಸುಮಾರು ಅರವತ್ತೆರಡೂವರೆ ಲಕ್ಷ. ಆದ್ದರಿಂದ ಬೋನಸ್ಸೋ ಬಾಕಿ ಸಂಬಳವೋ ಬಂದಾಗಲೆಲ್ಲ, ಅದೂ ಮೊದಲ ಐದಾರು ವರ್ಷಗಳಲ್ಲಿ, ಅಸಲಿಗೆ ಕಟ್ಟಬೇಕು. ಬದಲಾಗುವ ಬಡ್ಡಿಯ ಗೃಹಸಾಲವನ್ನು ವ್ಯಕ್ತಿಯೊಬ್ಬ ಮುಂಚಿತವಾಗಿ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲವೆಂದು 2012ರಿಂದಲೇ ನಿಯಮವಿದೆ. ಬದಲಾಗುವ ಬಡ್ಡಿಯೆಂದರೆ ಏರಲೂಬಹುದು. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ತನ್ನ ರೆಪೊ ದರವನ್ನು ನಾಲ್ಕರಿಂದ ಆರೂವರೆಗೆ ಏರಿಸಿತು. ಆಗ ಕಂತು ಹಾಗೆಯೇ ಇದ್ದು, ಅವಧಿ ಮಾತ್ರ ಸದ್ದಿಲ್ಲದೆ ಬೆಳೆದುಹೋದದ್ದನ್ನು ಎಷ್ಟೋ ಜನ ಗಮನಿಸಲಿಲ್ಲ. ಕಂತು ಏರಲೋ ಅವಧಿ ಬೆಳೆಯಲೋ ಎಂದು ಸಾಲಗಾರನನ್ನು ಕೇಳಬೇಕೆಂದು 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಆದೇಶಿಸಿದೆ. ವರ್ಷಕ್ಕೊಮ್ಮೆ ನಿಮ್ಮ ಸಾಲದ ಪಟ್ಟಿಯನ್ನು ಕೇಳಿ ಪಡೆದು ಓದಿ.

ನಮ್ಮ ಕಡೆ ಸಾಲಕ್ಕೆ ಬದಲಾಗಿ ಇನ್ನೊಂದು ಉಪಾಯವಿದೆ. ಮನೆಯನ್ನು ಭೋಗ್ಯಕ್ಕೆ, ಈಗಿನವರ ಮಾತಿನಲ್ಲಿ ಲೀಸಿಗೆ, ಹಾಕುವುದು. ಬಾಡಿಗೆಯಿಲ್ಲ, ಬಂದವರು ಐದೋ ಎಂಟೋ ಲಕ್ಷವನ್ನು ಒಮ್ಮೆಗೇ ಕೊಟ್ಟು ಎರಡು ಮೂರು ವರ್ಷ ವಾಸವಿದ್ದು, ಹೊರಡುವಾಗ ಪೂರ್ತಿ ಹಣ ಹಿಂದಕ್ಕೆ ಪಡೆಯುತ್ತಾರೆ. ಆ ಹಣದಿಂದ ಬ್ಯಾಂಕಿನ ಸಾಲ ತೀರಿಸಿಬಿಡಿ ಎಂದು ನನಗೂ ಸಲಹೆ ಬಂದಿತ್ತು. ಇದು ಬಡ್ಡಿಯಿಲ್ಲದ ಸಾಲದಂತೆ ಕಾಣುತ್ತದೆ. ಆದರೆ ಅವಧಿ ಮುಗಿದ ದಿನ ಅಷ್ಟೂ ಹಣ ಸಿದ್ಧವಿರಬೇಕು. ಇಲ್ಲದಿದ್ದರೆ ಹೊಸ ಭೋಗ್ಯದವರನ್ನು ಹುಡುಕಿ ಹಳಬರಿಗೆ ಕೊಡಬೇಕು. ಹೊಸಬರು ಸಿಗದೆ, ಹಳಬರು ಬಿಡದೆ, ಇಬ್ಬರ ನಡುವೆ ಒಡೆಯ ತಲೆಮರೆಸಿಕೊಂಡು ತಿರುಗುವುದನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ನಾನು ಆ ದಾರಿಗೆ ಹೋಗಲಿಲ್ಲ.

ಕಟ್ಟುತ್ತಿರುವ ಫ್ಲ್ಯಾಟನ್ನು ಕೊಳ್ಳುವವರಿಗೆ ಒಂದೇ ಮಾತು. 2016ರ ರೇರಾ ಕಾಯಿದೆಯಂತೆ 500 ಚದರ ಮೀಟರಿಗಿಂತ ಹೆಚ್ಚಿನ ನಿವೇಶನದ, ಇಲ್ಲವೇ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆ ನೋಂದಣಿಯಾಗಿರಲೇಬೇಕು; ನೋಂದಾಯಿತ ಒಪ್ಪಂದವಿಲ್ಲದೆ ಬೆಲೆಯ ಶೇಕಡಾ ಹತ್ತಕ್ಕಿಂತ ಹೆಚ್ಚನ್ನು ಕೇಳುವಂತಿಲ್ಲ. ಗೋಡೆಯೊಳಗಿನ ಅಳತೆ ಎಷ್ಟು, ನೆಲದಲ್ಲಿ ನಿಮ್ಮ ಅವಿಭಕ್ತ ಪಾಲು ಎಷ್ಟು ಎಂಬೆರಡನ್ನು ಕೇಳಿ. ಈಜುಕೊಳದ ಚಿತ್ರವನ್ನು ನೋಡಿದ್ದು ಸಾಕು.

ಮನೆಯನ್ನು ಹುಡುಕುವುದು ಹೇಗೆಂದು ನೀವು ಕೇಳಬಹುದು. ನಡೆದೇ ಹುಡುಕಬೇಕು. ಬೆಳಗ್ಗೆ ಆರಕ್ಕೆ ಒಮ್ಮೆ, ರಾತ್ರಿ ಎಂಟಕ್ಕೆ ಒಮ್ಮೆ, ಜೋರು ಮಳೆ ಬಂದ ಮಾರನೆಯ ದಿನ ಒಮ್ಮೆ ಆ ಬೀದಿಯಲ್ಲಿ ಓಡಾಡಿ. ನಲ್ಲಿ ನೀರು ದಿನ ಬಿಟ್ಟು ದಿನವೋ, ವಾರಕ್ಕೆರಡು ಸಲವೋ ಎಂಬುದನ್ನು ಬ್ರೋಕರಿಗಿಂತ ಹಾಲಿನ ಬೂತಿನವರು ಚೆನ್ನಾಗಿ ಬಲ್ಲರು. ಇಸ್ತ್ರಿ ಗಾಡಿಯವರಿಗೆ ಯಾವ ಮನೆಯಲ್ಲಿ ಬಾಡಿಗೆದಾರರು ನಿಲ್ಲುವುದಿಲ್ಲ, ಏಕೆ ನಿಲ್ಲುವುದಿಲ್ಲ ಎಂಬುದೆಲ್ಲ ತಿಳಿದಿರುತ್ತದೆ. ಬೀದಿಯಲ್ಲಿ ತೂಗುವ ‘ಮನೆ ಬಾಡಿಗೆಗೆ ಇದೆ’ ಎಂಬ ಫಲಕಗಳನ್ನು ಎಣಿಸಿ; ಹತ್ತು ಮನೆಗೆ ಮೂರು ಫಲಕವಿದ್ದರೆ ಅಲ್ಲಿ ಬಾಡಿಗೆ ಏರಿಸುವ ಆಸೆ ಬಿಡಿ. ಮಾರುವವನು ಹೇಳುವ ಬಾಡಿಗೆಯನ್ನು ನಂಬದೆ, ನೀವೇ ಬಾಡಿಗೆಗೆ ಮನೆ ಕೇಳುವವರಂತೆ ಎರಡು ಮೂರು ಬಾಗಿಲು ತಟ್ಟಿ ನೋಡಿ. ನಾನು ಹಾಗೆ ತಟ್ಟಿದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಾಗಿಲು ತೆರೆದು, ‘ಏನು ಸಾರ್, ಮಕ್ಕಳು ನೋಡಿಕೊಳ್ಳುತ್ತಿಲ್ಲವೇ?’ ಎಂದು ಕಣ್ಣಲ್ಲಿ ನೀರು ತಂದುಕೊಂಡ. ಸತ್ಯ ಹೇಳಿ ಅವನನ್ನು ಸಮಾಧಾನಪಡಿಸಬೇಕಾಯಿತು.

ನಮ್ಮ ಮನೆಗೆ ಬಂದವರು ಯುವದಂಪತಿಗಳು. ಆತ ಹೋಟೆಲೊಂದರಲ್ಲಿ ಅಡುಗೆಯವರು. ಆಕೆ ಮನೆಯಲ್ಲೇ ಹೊಲಿಗೆ ಹಾಕುವವರು. ವಾಡಿಕೆಯಂತೆ ಹನ್ನೊಂದು ತಿಂಗಳ ಕರಾರು ಬರೆದೆವು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕೆಂಬ ಕಾನೂನಿರುವುದರಿಂದ ಹುಟ್ಟಿದ ಹನ್ನೊಂದು ಅದು. ಅವರು ಬಂದ ಕೆಲವೇ ತಿಂಗಳಿಗೆ, 2020ರ ಮಾರ್ಚಿನಲ್ಲಿ, ಊರಿಗೆ ಊರೇ ಬಾಗಿಲು ಹಾಕಿತು. ಹೋಟೆಲು ಮುಚ್ಚಿತು. ಏಪ್ರಿಲ್ ಐದರಂದು ಆತ ಫೋನು ಮಾಡಿ, ‘ಸಾರ್’ ಎಂದವರು ಮುಂದೆ ಮಾತನಾಡಲಿಲ್ಲ. ನನಗೆ ಕಂತಿನ ಚಿಂತೆ. ಆಗ ಸಾಲದ ಕಂತನ್ನು ಆಗಸ್ಟಿನವರೆಗೆ ಮುಂದೂಡಿಕೊಳ್ಳಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿತ್ತು; ಆದರೆ ಮುಂದೂಡಿದ ತಿಂಗಳುಗಳ ಬಡ್ಡಿ ನಿಲ್ಲದೆ ಬೆಳೆಯುತ್ತಿತ್ತು. ಅದನ್ನು ಓದಿ ನೋಡಿ, ಬೇಡವೆಂದು, ಕಂತನ್ನು ಪಿಂಚಣಿಯಿಂದಲೇ ಕಟ್ಟಿದೆ. ಮೂರು ತಿಂಗಳು ಬಾಡಿಗೆ ಕೇಳಲಿಲ್ಲ. ಜುಲೈನಿಂದ ಜನವರಿಯವರೆಗೆ ಅರ್ಧ ಪಡೆದೆ. ಇದನ್ನು ನನ್ನ ದೊಡ್ಡತನವೆಂದು ಹೇಳುತ್ತಿಲ್ಲ. ಅವರನ್ನು ಕಳುಹಿಸಿದ್ದರೆ ಆ ಕಾಲದಲ್ಲಿ ಮತ್ತೊಬ್ಬರು ಬರುತ್ತಿರಲಿಲ್ಲ ಎಂಬ ಲೆಕ್ಕವೂ ಅದರಲ್ಲಿತ್ತು. ಆದರೆ ಆ ತಿಂಗಳುಗಳಲ್ಲಿ ವಠಾರದ ಆ ಯಜಮಾನಿ ಪದೇ ಪದೇ ನೆನಪಾದರು. ನಮ್ಮ ತಂದೆಗೆ ಸಂಬಳ ತಡವಾದ ತಿಂಗಳು ಆಕೆ ನಮ್ಮ ಹೊಸ್ತಿಲನ್ನು ಬಿಟ್ಟು ಮುಂದಿನ ಮನೆಗೆ ಹೋಗುತ್ತಿದ್ದುದನ್ನು ಹುಡುಗನಾಗಿದ್ದಾಗ ಕಂಡಿದ್ದೆ. ಆಕೆಗೆ ಅದು ಸಾಧ್ಯವಿತ್ತು; ಹಿಂದೆ ಸಾಲವಿರಲಿಲ್ಲ, ಇನ್ನೂ ಐದು ಮನೆಗಳಿದ್ದವು. ನನ್ನದು ಒಂದೇ ಮನೆ, ಅದರ ಮೇಲೊಂದು ಕಂತು. ನಮ್ಮ ತಂದೆಯ ಮಾತನ್ನು ಹಿಡಿದು ಹೊರಟವನು ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಆ ದಂಪತಿಗಳು ಈಗಲೂ ಅಲ್ಲೇ ಇದ್ದಾರೆ. ಬಾಡಿಗೆ 13 ಸಾವಿರವಾಗಿದೆ. ಇದ್ದಬದ್ದ ಹಣವನ್ನೆಲ್ಲ ಹಾಕಿ ಸಾಲದ ಅಸಲನ್ನು ಅರ್ಧಕ್ಕಿಂತ ಕೆಳಗೆ ತಂದಿದ್ದೇನೆ. ನಿವೃತ್ತರು ಸಾಲ ಮಾಡಿ ಬಾಡಿಗೆಯ ಮನೆ ಕೊಳ್ಳಬಾರದೆಂದು ಯಾರು ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ.

ಹೋದ ವರ್ಷ ಉಯಿಲು ಬರೆದು ನೋಂದಾಯಿಸಿದೆ. ಮನೆ ಮಗಳಿಗೂ ಮಗನಿಗೂ ಸಮಪಾಲು. ತಾಯಿಪತ್ರದಿಂದ ಹಿಡಿದು ಮೊನ್ನೆಯ ಕಂದಾಯದ ರಸೀತಿಯವರೆಗೆ ಎಲ್ಲವನ್ನೂ ಅನುಕ್ರಮವಾಗಿ ಜೋಡಿಸಿ, ಯಾವುದು ಮೂಲ, ಯಾವುದು ನಕಲು, ಯಾವುದು ಬ್ಯಾಂಕಿನಲ್ಲಿದೆ ಎಂದು ಒಂದು ಪಟ್ಟಿ ಬರೆದು ಕಡತ ಮಾಡಿದ್ದೇನೆ. ಮೇಲುಹಾಳೆಯಲ್ಲಿ ನಮ್ಮ ವಂಶವೃಕ್ಷವಿದೆ. ಮಗಳು ಊರಿಗೆ ಬಂದಾಗ ಅದನ್ನು ತೆರೆದು ನೋಡಿ, ಅವಳ ಅಜ್ಜಿಯ ಹೆಸರಿನಲ್ಲಿ ನಾನು ಮಾಡಿದ್ದ ಒಂದು ಕಾಗುಣಿತದ ತಪ್ಪನ್ನು ಪೆನ್ನಿನಿಂದ ತಿದ್ದಿದಳು. ಕಡತ ಬೀರುವಿನ ಕೆಳಗಿನ ಖಾನೆಯಲ್ಲಿದೆ. ಬೀಗದ ಕೈ ಮನೆಯಾಕೆಯ ಬಳಿಯಿದೆ.